ಸರ್ಕಾರ ಬಿದ್ದಾಗಲೆಲ್ಲ ಬರುವವರಿಗೆ

ಬ್ಲಾಕ್ ಸಿ, ಮೂರನೇ ಮಹಡಿ,
ಸೆಬರಂಗ್ ಕೆರಂಜಿ.
ಸೋಮವಾರ, ಆಗಸ್ಟ್ ೧೪

ಅಬಾಂಗ್‌ಗೆ ಹೆಂಡತಿ ಸಲ್ಬಿಯಾಳ ಸಲಾಂ.

ಅಷ್ಟು ದೂರ ಬಸ್ಸಿನಲ್ಲಿ ಕುಳಿತು ಸೊಂಟ ಹಿಡಿದುಕೊಳ್ಳದೆ ಜೊಹೋರ್ ಮುಟ್ಟಿದ್ದೀರಿ ಎಂದುಕೊಳ್ಳುತ್ತೇನೆ. ನಿನ್ನೆ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಎತ್ತಿದ್ದರೂ ಏನಾಗುತ್ತಿತ್ತು? ನಿಮ್ಮದೊಂದು ಹೂಂ, ನನ್ನದೊಂದು ಹೂಂ, ಆಮೇಲೆ ಇಬ್ಬರೂ ಹವಾಮಾನ ಮಾತಾಡಿ ಇಟ್ಟುಬಿಡುತ್ತಿದ್ದೆವು. ಅದಕ್ಕೇ ಕಾಗದ. ನೀವು ನಡುವೆ ಎದ್ದು ಹೋದರೂ ಕಾಗದ ಅಲ್ಲೇ ಕುಳಿತಿರುತ್ತದೆ.

ಮೇಲಿನ ವಿಳಾಸ ನೋಡಿ ಹುಬ್ಬೇರಿಸಬೇಡಿ. ಮನೆ ಹೋಗಿರುವುದನ್ನು ಶನಿವಾರ ನೀವೇ ಕಣ್ಣಾರೆ ನೋಡಿದ್ದೀರಿ. ಕಳೆದ ಡಿಸೆಂಬರ್‌ನ ನೆರೆಯಲ್ಲಿ ದಡ ಕುಸಿಯಿತು. ಮೊದಲು ಅಡುಗೆಮನೆ, ಮಾರನೆಯ ದಿನ ಉಳಿದದ್ದು. ಅಡುಗೆಮನೆ ಹೋದದ್ದು ಹಗಲು ಹೊತ್ತು, ನಾನು ಶಾಲೆಯ ಕಚೇರಿಯಲ್ಲಿ ಕೆಲಸದಲ್ಲಿದ್ದೆ, ಹಾಗಾಗಿ ಬದುಕಿದ್ದೇನೆ. ನಿಮ್ಮ ತಂದೆ ಕಟ್ಟಿಸಿದ ಮುಂದಿನ ಸಿಮೆಂಟು ಮೆಟ್ಟಿಲನ್ನು ಮಾತ್ರ ಹೊಳೆ ಬಿಟ್ಟುಹೋಗಿದೆ. ಯಾರ ಮನೆಗೂ ಹೋಗದ ಮೆಟ್ಟಿಲು. ದಡದವರಿಗೆಲ್ಲ ಸರ್ಕಾರ ಆಚೆ ಬದಿಯ ಈ ಕಟ್ಟಡದಲ್ಲಿ ಗೂಡು ಕೊಟ್ಟಿದೆ. ನೀರು ಬೆಳಿಗ್ಗೆ ಬರುತ್ತದೆ, ಲಿಫ್ಟು ಮನಸ್ಸಾದಾಗ ಬರುತ್ತದೆ.

'ನನಗೆ ಯಾಕೆ ಹೇಳಲಿಲ್ಲ' ಎಂದು ನೀವು ಕಾಕ್ ತೆಹ್‌ಳನ್ನು ಕೇಳಿದಿರಂತೆ. ಪಕ್ಕದ ಮನೆಯವಳಾಗಿದ್ದು ಈಗ ಕೆಳಗಿನ ಮಹಡಿಯವಳಾದ ಆ ಕಾಕ್ ತೆಹ್ ಮಾತ್ರವಲ್ಲ, ಊರಿನ ಯಾರೂ ನಿಮಗೆ ಸುದ್ದಿ ಮುಟ್ಟಿಸಕೂಡದು ಎಂದು ಎಲ್ಲರ ಬಾಯಿ ಕಟ್ಟಿದವಳು ನಾನೇ. ತಪ್ಪಾಯಿತು ಎಂದು ಈ ಕಾಗದದಲ್ಲಿ ಎಲ್ಲಿಯೂ ಬರೆಯುವುದಿಲ್ಲ, ಹುಡುಕಬೇಡಿ. ಹೇಳಿದ್ದರೆ ನೀವೇನು ಮಾಡುತ್ತಿದ್ದಿರಿ? 'ಅಯ್ಯೋ' ಎನ್ನುತ್ತಿದ್ದಿರಿ, ಸ್ವಲ್ಪ ದುಡ್ಡು ಕಳಿಸುತ್ತಿದ್ದಿರಿ, ಗುರುತಿನ ಚೀಟಿಯ ವಿಳಾಸವನ್ನು ಜೊಹೋರಿಗೆ ಬದಲಾಯಿಸಿ ಅಲ್ಲೇ ಮತ ಹಾಕುತ್ತಿದ್ದಿರಿ. ಆಮೇಲೆ ಈ ಊರಿಗೆ ಬರಲು ನಿಮಗೆ ಕಾರಣವೇ ಇರುತ್ತಿರಲಿಲ್ಲ. ಆ ಚೀಟಿಯ ಮೇಲಿನ ಒಂದು ಸಾಲು ನಿಮ್ಮನ್ನು ಇಲ್ಲಿಗೆ ಎಳೆದು ತರುತ್ತಿತ್ತು. ಮನೆ ಹೋಗಲಿ, ಆ ಸಾಲನ್ನೂ ಹೊಳೆಗೆ ಬಿಡಲು ನಾನು ತಯಾರಿರಲಿಲ್ಲ.

ನಿಮಗೆ ನೆನಪಿದೆಯೋ ಇಲ್ಲವೋ. ಜೊಹೋರಿನ ಹಡಗುಕಟ್ಟೆಯಲ್ಲಿ ಬೆಸುಗೆ ಕೆಲಸ ಸಿಕ್ಕಿ ಹೊರಟಾಗ 'ನೀನೂ ಬಾ' ಎಂದು ಒಮ್ಮೆ ಕರೆದಿರಿ. ಹಾಸಿಗೆ ಹಿಡಿದ ನಿಮ್ಮಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ ಎಂದೆ. ನೀವು ಸರಿ ಎಂದಿರಿ. ಅಮ್ಮ ಇರುವವರೆಗೆ ಪ್ರತಿ ಹಬ್ಬಕ್ಕೂ ಬಂದಿರಿ. ಅಮ್ಮ ತೀರಿಕೊಂಡ ಮೇಲೆ ಹಬ್ಬಕ್ಕೂ ಇಲ್ಲ. ನೀವು ಮತ್ತೆ ಕರೆಯಲಿಲ್ಲ, ಬರುತ್ತೇನೆ ಎಂದು ನಾನು ಹೇಳಲಿಲ್ಲ. ಜಗಳವಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮದು ಜಗಳವೇ ಅಲ್ಲವಲ್ಲ, ಎಷ್ಟು ಉಂಡರೆ ತಾನೆ ಮುಗಿದೀತು?

ಅಲ್ಲಿಂದೀಚೆಗೆ ನೀವು ಬಂದದ್ದು ಮತದಾನಕ್ಕೆ ಮಾತ್ರ. ಅಪ್ಪ ಮತ ಹಾಕಿದ ಊರಿನಲ್ಲೇ ತಾನೂ ಹಾಕುವುದು ಎಂಬ ನಿಮ್ಮ ಹಟ ನನಗೆ ಗೊತ್ತು. ಹಿಂದಿನ ದಿನ ಸಂಜೆ ಬಂದು ಮುಂದಿನ ಕೋಣೆಯಲ್ಲಿ ಮಲಗುತ್ತಿದ್ದಿರಿ. ದುರಿಯನ್ ಹಣ್ಣಿನ ಹುದುಗು ಹಾಕಿದ ನನ್ನ ಮೀನುಸಾರು ಉಣ್ಣುತ್ತಿದ್ದಿರಿ. ಬೆಳಿಗ್ಗೆ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದು ಚಹಾ ಕುಡಿದು ಬಸ್ಸು ಹತ್ತುತ್ತಿದ್ದಿರಿ. ನಿಮ್ಮ ಜೊಹೋರ್ ಕಡೆಯ ಮುಆರ್ ಊರಿನ ಕಾಫಿಪುಡಿ ಬಿಟ್ಟುಹೋಗುತ್ತಿದ್ದಿರಿ. ಇಷ್ಟೇ. ಈ ಇಷ್ಟಕ್ಕಾಗಿ ನಾನು ಕಾಯುವುದನ್ನು ಕಲಿತೆ. ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ಎಂದೂ ಕೇಳಿಲ್ಲ, ಈಗಲೂ ಕೇಳುತ್ತಿಲ್ಲ.

ಕಾಯುವವಳಿಗೆ ಕಾನೂನು ಬೇಗ ತಲೆಗೆ ಹತ್ತುತ್ತದೆ. ಮುಂಚೆ ನೀವು ಚಹದಂಗಡಿಯ ಗೆಳೆಯರ ಜೊತೆ ವಿಧಾನಸಭೆ, ಬಹುಮತ ಎಂದು ಕಿರುಚಾಡುತ್ತಿದ್ದರೆ ನಾನು ರೇಡಿಯೊದ ಸದ್ದು ಹೆಚ್ಚಿಸುತ್ತಿದ್ದೆ. ಈಗ ನನ್ನನ್ನು ಕೇಳಿ. ನಮ್ಮ ರಾಜ್ಯದ ಸಭೆಗೆ ನಲವತ್ತೊಂದು ಸ್ಥಾನ, ಕ್ಷೇತ್ರಕ್ಕೊಬ್ಬ, ಒಂದು ಮತ ಹೆಚ್ಚು ಬಿದ್ದರೂ ಅವನೇ ಗೆದ್ದವನು. ಇಪ್ಪತ್ತೊಂದು ಜನ ಯಾರ ಹಿಂದಿದ್ದಾರೆ ಎಂದು ಸುಲ್ತಾನರಿಗೆ ಮನವರಿಕೆಯಾಗುತ್ತದೋ ಅವರು ಮುಖ್ಯಮಂತ್ರಿ. ಅವಧಿ ಐದು ವರ್ಷ. ಆದರೆ ನಡುವೆ ಯಾರಾದರೂ ಕಾಲು ಎಳೆದರೆ ಮುಖ್ಯಮಂತ್ರಿ ಅರಮನೆಗೆ ಹೋಗಿ ಸಭೆ ವಿಸರ್ಜಿಸಿ ಎನ್ನಬಹುದು, ಸುಲ್ತಾನರು ಒಪ್ಪಿದರೆ ಮತ್ತೆ ಚುನಾವಣೆ. ಈ 'ನಡುವೆ' ಎಂಬ ಮಾತಿನ ಮೇಲೆ ನಾನು ವರ್ಷಗಳನ್ನು ಕಳೆದಿದ್ದೇನೆ.

ಹಿಂದಿನ ಸಲ ಇಬ್ಬರು ಶಾಸಕರು ಪಕ್ಷ ಹಾರಿ ಸರ್ಕಾರ ಬಿತ್ತಲ್ಲ, ಊರೆಲ್ಲ ಆ ಇಬ್ಬರ ಹುಟ್ಟಿಗೆ ಬೆಂಕಿ ಇಟ್ಟಿತು. 'ಮಾನಗೆಟ್ಟೋರು, ಮಾರ್ಕೊಂಡ್ಬಿಟ್ರು' ಎಂದು ಕಾಕ್ ತೆಹ್ ಬೆಳಗಿನಿಂದ ಬೈಯುತ್ತಿದ್ದಳು. ನಾನು ಹೌದು ಹೌದು ಎಂದು ತಲೆಯಾಡಿಸುತ್ತ ಒಳಗೊಳಗೇ ಅವರಿಬ್ಬರ ಹೆಸರಿನಲ್ಲಿ ದುವಾ ಮಾಡುತ್ತಿದ್ದೆ. ಅವರ ದಯೆಯಿಂದ ನೀವು ಎರಡು ವರ್ಷ ಮುಂಚೆ ಬಂದಿರಿ.

ಇನ್ನೊಂದು ಹೇಳುತ್ತೇನೆ, ನಗಬೇಡಿ. ನಮ್ಮ ವೈಬಿ ಇದ್ದರಲ್ಲ, ಶಾಸಕ ಹಾಜಿ ಬಹರೂದಿನ್, ಅವರಿಗೆ ಹೋದ ವರ್ಷ ಕೆಮ್ಮು ಹಿಡಿಯಿತು. ಯಾರದೋ ಮದುವೆಯೂಟದಲ್ಲಿ ಅವರು ಕೆಮ್ಮುವುದನ್ನು ಕೇಳುತ್ತ ಕುಳಿತವಳಿಗೆ, ಶಾಸಕರು ತೀರಿಕೊಂಡರೆ ಅರವತ್ತು ದಿನದೊಳಗೆ ಮರುಚುನಾವಣೆ ಎಂಬುದು ತಾನಾಗಿ ನೆನಪಾಯಿತು. ಅವಧಿ ಮುಗಿಯಲು ಎರಡು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಅದೂ ಇಲ್ಲ, ಹೋಗುವುದಾದರೆ ಬೇಗ ಹೋಗಬೇಕು. ಕೈಯಲ್ಲಿದ್ದ ತುತ್ತು ಕೈಯಲ್ಲೇ ನಿಂತಿತು. ನಾನು ಎಂಥ ಹೆಂಗಸಾಗಿಬಿಟ್ಟೆ! ಮಾರನೆಯ ದಿನವೇ ಕೋಳಿಸೂಪು ಮಾಡಿ ಅವರ ಮನೆಗೆ ಒಯ್ದೆ. ಅವರ ಹೆಂಡತಿ ಖಾಲಿ ಪಾತ್ರೆ ಕಳಿಸಬಾರದೆಂದು ತುಂಬ ಹಲ್ವ ಹಾಕಿ ಕಳಿಸಿದರು. ಆ ಹಲ್ವವನ್ನು ಶಾಲೆಯ ಮಕ್ಕಳಿಗೆ ಹಂಚಿಬಿಟ್ಟೆ.

ಪಾಪ, ವೈಬಿ ಕೆಟ್ಟವರಲ್ಲ. ಸಭೆ ಸೇರಿದಾಗಲೆಲ್ಲ ನಮ್ಮ ದಡಕ್ಕೆ ಗೋಡೆ ಬೇಕು ಎಂದು ಪ್ರಶ್ನೆ ಹಾಕುತ್ತಿದ್ದರು. ಪರಿಶೀಲನೆಯಲ್ಲಿದೆ ಎಂದು ಉತ್ತರ ಬರುತ್ತಿತ್ತು. ಒಂದು ಸಲ ದುಡ್ಡು ಮಂಜೂರಾಗುವ ಹೊತ್ತಿಗೆ ಸರ್ಕಾರ ಬಿತ್ತು. ಹೊಸದು ಬಂದು ಮೊದಲಿನಿಂದ ಪರಿಶೀಲಿಸಿತು. ಅದೂ ಅಲ್ಲಾಡತೊಡಗಿತು. ಅಬಾಂಗ್, ಈ ಗೂಡಿನಲ್ಲಿ ಕುಳಿತು ನಾನು ಇದನ್ನು ತುಂಬ ಯೋಚಿಸಿದ್ದೇನೆ. ಸರ್ಕಾರ ಬೀಳಲಿ ಬೀಳಲಿ ಎಂದು ಬೇಡಿಕೊಂಡವಳು ನಾನು. ಅದು ಬಿದ್ದದ್ದರಿಂದ ನೀವು ಬಂದಿರಿ. ಅದು ಬಿದ್ದದ್ದರಿಂದಲೇ ಗೋಡೆ ಬರಲಿಲ್ಲ, ಮನೆ ಹೋಯಿತು. ಯಾರನ್ನು ಬೈಯಲಿ?

ಈಗಿನ ಚುನಾವಣೆಗೆ ಬರುತ್ತೇನೆ. ಪಕ್ಷ ಬಿಟ್ಟವನ ಸ್ಥಾನವೂ ಹೋಗುತ್ತದೆ ಎಂಬ ಕಾನೂನು ಬಂದಾಗ ನಾನು ಕೈಚೆಲ್ಲಿ ಕುಳಿತಿದ್ದೆ. ಆದರೆ ಒಬ್ಬೊಬ್ಬರು ಹಾರುವುದಕ್ಕಷ್ಟೇ ಅಡ್ಡಿ, ಇಡೀ ಪಕ್ಷವೇ ಎದ್ದು ಹೋದರೆ ಕೇಳುವವರಿಲ್ಲ. ಜೂನ್‌ನಲ್ಲಿ ಹಾಗೇ ಆಯಿತು. ಇಪ್ಪತ್ತು ಇಪ್ಪತ್ತು ಎರಡು ಕಡೆ, ನಡುವೆ ಎಲ್ಲಿಯೂ ಸೇರದ ಒಬ್ಬ. ಶಾಸಕರನ್ನೆಲ್ಲ ಹೋಟೆಲಿನಲ್ಲಿ ಕೂಡಿ ಹಾಕಿ ಫೋನು ಕಿತ್ತುಕೊಂಡರಂತೆ. ಸುಲ್ತಾನರು ಒಬ್ಬೊಬ್ಬರನ್ನೇ ಕರೆದು ನಿನ್ನ ಬೆಂಬಲ ಯಾರಿಗೆ ಎಂದು ಕೇಳಿದರು. ಕೊನೆಗೆ ಸಭೆ ವಿಸರ್ಜನೆಯಾಯಿತು. ಸುದ್ದಿ ಕೇಳಿ ನಾನು ಹೋಗಿ ಅಕ್ಕಿ ತಂದೆ. ಆಮೇಲೆ ನೆನಪಾಯಿತು, ನಿಮ್ಮನ್ನು ಮಲಗಿಸಲು ಮುಂದಿನ ಕೋಣೆಯೇ ಇಲ್ಲ.

ಹೇಗೆ ಹೇಳುವುದು, ಯಾವಾಗ ಹೇಳುವುದು ಎಂದು ಲೆಕ್ಕ ಹಾಕುತ್ತಿರುವಾಗಲೇ ಶಾಲೆಗೆ ಚುನಾವಣೆ ಕೆಲಸದ ಆದೇಶ ಬಂತು. ನನಗೆ ನಮ್ಮ ಶಾಲೆಯಲ್ಲೇ ವಯಸ್ಸಾದವರ ಸಾಲಿನ ಮತಗಟ್ಟೆ, ಮೊದಲ ಗುಮಾಸ್ತೆ. ನಿಮಗೆ ಗೊತ್ತಲ್ಲ ಅದರ ಕೆಲಸ. ಚೀಟಿ ನೋಡಬೇಕು, ಪಟ್ಟಿಯಲ್ಲಿ ಹುಡುಕಬೇಕು, ಪಕ್ಷಗಳ ಏಜೆಂಟರಿಗೆ ಕೇಳುವ ಹಾಗೆ ಮತದಾರರ ಪೂರ್ತಿ ಹೆಸರನ್ನು ಗಟ್ಟಿಯಾಗಿ ಕೂಗಬೇಕು. ಈಗ ನೀವೂ ಆ ವಯಸ್ಸಾದವರ ಸಾಲಿಗೇ ಬಿದ್ದಿದ್ದೀರಿ. ಮದುವೆಯಾದಾಗಿನಿಂದ ನಾನು ನಿಮ್ಮ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ಎದುರಿಗಿದ್ದಾಗ ಎಲ್ಲ ಹೆಂಡತಿಯರ ಹಾಗೆ 'ಅಬಾಂಗ್', ಇಲ್ಲದಾಗ 'ಅವರು'. ಆಸ್ಪತ್ರೆಯಲ್ಲಿ ಗಂಡನ ಹೆಸರು ಕೇಳಿದಾಗಲೂ ಚೀಟಿ ತೋರಿಸಿ ಬಂದವಳು ನಾನು.

ಕಾಕ್ ತೆಹ್‌ಗೆ ಇದು ದೊಡ್ಡ ತಮಾಷೆಯಾಯಿತು. ಬಟ್ಟೆ ಒಣಗಿಸುವಾಗಲೆಲ್ಲ ಕೆಳಗಿನಿಂದ ಕೂಗುತ್ತಿದ್ದಳು, 'ಎಲ್ಲಿ, ನಿನ್ ಗಂಡನ ಹೆಸ್ರು ಒಂದ್ಸಲ ಹೇಳು ಕೇಳೋಣ. ಅವತ್ತು ನಾಲಿಗೆ ತಡವರಿಸಿ ಬೇರೆಯೋರ್ ಗಂಡನ್ ಕರೆದ್ಬಿಟ್ಟೀಯ!' ನಾನು ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದೆ. ಮೊದಲ ದಿನ ಅರ್ಧ ಹೆಸರಿಗೇ ನಗು ಬಂತು. ಆಮೇಲೆ ಅಳು ಬಂತು. ಆಮೇಲೆ ಬರೀ ಹೆಸರು ಬಂತು.

ಶುಕ್ರವಾರ ಸಂಜೆ ಬಸ್‌ನಿಲ್ದಾಣಕ್ಕೆ ಹೋಗಿ ಕುಳಿತೆ. ಕರೆದುಕೊಂಡು ಬಂದು, ಊಟ ಬಡಿಸಿ, ಆಮೇಲೆ ಹೇಳಿಬಿಡುವುದು ಎಂದುಕೊಂಡಿದ್ದೆ. ನೀವು ಬರಲಿಲ್ಲ. ಸಾರು ಮಾಡಿಟ್ಟಿದ್ದೆ. ಕಾಕ್ ತೆಹ್‌ಗೆ ಹೇಳಿದೆ, ಬೆಳಿಗ್ಗೆ ನೇರವಾಗಿ ಶಾಲೆಗೇ ಬಂದರೆ ನೀನು ಅವರನ್ನು ಗೇಟಿನ ಹತ್ತಿರ ಹಿಡಿ, ದಡದ ಕಡೆಗೆ ಹೋಗಲು ಬಿಡಬೇಡ, ಸೀದಾ ಇಲ್ಲಿಗೆ ಕರೆತಾ. ನನಗಂತೂ ಮತ ಎಣಿಕೆ ಮುಗಿಯುವ ತನಕ ಕುರ್ಚಿ ಬಿಟ್ಟು ಏಳುವಂತಿರಲಿಲ್ಲ.

ಶನಿವಾರ ನೀವು ಸಾಲಿನಲ್ಲಿ ನಿಂತಿರುವುದು ಕಿಟಕಿಯಿಂದ ಕಂಡಿತು. ಕೂದಲು ಪೂರ್ತಿ ಬೆಳ್ಳಗಾಗಿದೆ. ಕೈಯಲ್ಲಿ ಕಾಫಿಪುಡಿಯ ಚೀಲ. ನಿಮ್ಮ ಹಿಂದೆ ಕಾಕ್ ತೆಹ್ ನಿಂತು ನನ್ನ ಕಡೆ ಹುಬ್ಬು ಕುಣಿಸುತ್ತಿದ್ದಳು. ನಿಮ್ಮ ಸರದಿ ಬಂತು, ಚೀಟಿ ಕೊಟ್ಟಿರಿ. ಪಟ್ಟಿಯಲ್ಲಿ ನಮ್ಮ ಮನೆ ಸಂಖ್ಯೆ, ಅದರ ಮುಂದೆ ನೀವು, ಸ್ವಲ್ಪ ಕೆಳಗೆ ಅದೇ ಸಂಖ್ಯೆಯ ಮುಂದೆ ನಾನು. ಊರಿನಲ್ಲಿ ಇಲ್ಲದ ಮನೆ ಅಲ್ಲಿ ಇತ್ತು.

ಕರೆದೆ. ನಾನು ಗಟ್ಟಿಯಾಗಿಯೇ ಹೇಳಿದೆ ಎಂದುಕೊಂಡಿದ್ದೆ. ಮೂಲೆಯಲ್ಲಿ ಅಡಿಪಟ್ಟಿ ಹಿಡಿದು ಕುಳಿತಿದ್ದ ಮುದಿ ಏಜೆಂಟು ಕಿವಿಗೆ ಕೈ ಹಚ್ಚಿ, 'ಕೇಳಿಸ್ಲಿಲ್ಲಮ್ಮ, ಇನ್ನೊಂದ್ಸಲ ಹೇಳಿ' ಎಂದ. ಆಗ ನೀವು ತಲೆ ಎತ್ತಿ ನನ್ನನ್ನು ನೋಡಿದಿರಿ.

'ಕಮರುಲ್‌ಜಮಾನ್ ಬಿನ್ ಪಂಡಕ್ ಸಮದ್' ಎಂದೆ.

ಎಲ್ಲರ ಅಡಿಪಟ್ಟಿಗಳೂ ಓಡಿ ಗೀಟು ಎಳೆದವು. ನಿಮ್ಮನ್ನು ಯಾರೂ ಏನೂ ಕೇಳಿರಲಿಲ್ಲ, ಆದರೂ ನೀವು ಮೆಲ್ಲಗೆ 'ನಾನೇ' ಎಂದಿರಿ.

ಆ ಒಂದು 'ನಾನೇ' ಹಿಡಿದುಕೊಂಡು ನಾನು ಸಂಜೆಯ ತನಕ ಹೆಸರು ಕೂಗಿದೆ. ಮತದಾರರೊಂದಿಗೆ ಮಾತಾಡುವಂತಿಲ್ಲ ಎಂಬ ನಿಯಮ ಇಲ್ಲದಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದೆ, ಮನೆ ಕಡೆ ಹೋಗಬೇಡಿ, ಕಾಯಿರಿ ಎಂದು. ನಿಮ್ಮ ಬೆರಳಿಗೆ ಶಾಯಿ ಹಚ್ಚಿದರು, ನೀವು ಮತಪತ್ರ ಮಡಿಸಿ ಪೆಟ್ಟಿಗೆಗೆ ಹಾಕಿದಿರಿ, ಹೊರಟಿರಿ. ಅಷ್ಟರಲ್ಲಿ ಕಾಕ್ ತೆಹ್‌ಳ ಚೀಟಿ ಮನೆಯಲ್ಲಿ ಉಳಿದಿದೆ ಎಂದು ಗೊತ್ತಾಯಿತು. ಇಷ್ಟು ದಿನ ನನ್ನ ನಾಲಿಗೆಯನ್ನು ಆಡಿಕೊಂಡವಳು! ಅವಳು ಪರ್ಸು ತಡಕಾಡಿ, ನನ್ನನ್ನೇ ಬೈದು, ಗೇಟಿಗೆ ಓಡುವಷ್ಟರಲ್ಲಿ ನೀವು ಇರಲಿಲ್ಲ.

ಉಳಿದದ್ದನ್ನು ಅವಳೇ ಹೇಳಿದಳು. ನೀವು ಮೆಟ್ಟಿಲ ಮೇಲೆ, ಎಲ್ಲಕ್ಕಿಂತ ಮೇಲಿನ ಮೆಟ್ಟಿಲ ಮೇಲೆ ಕುಳಿತಿದ್ದಿರಂತೆ, ಹೊಳೆಗೆ ಬೆನ್ನು ಹಾಕಿ. ಯಾವಾಗ ಹೋಯಿತು ಎಂದು ಕೇಳಿದಿರಂತೆ. ಅವಳು ಹೇಳಿದಳು. ನಾನು ಎಲ್ಲಿದ್ದೇನೆ ಎಂದು ಕೇಳಿದಿರಂತೆ. ಅವಳು ಆಚೆ ದಡ ತೋರಿಸಿದಳು. ಆಮೇಲೆ ನೀವು, 'ನಂಗ್ಯಾಕೆ ಯಾರೂ ಹೇಳ್ಲಿಲ್ಲ?' ಎಂದಿರಿ.

'ನೀನ್ಯಾಕೆ ಕೇಳ್ಲಿಲ್ಲ?' ಎಂದಳಂತೆ ಕಾಕ್ ತೆಹ್.

ಅವಳ ಬಾಯಿಗೆ ಬೀಗವಿಲ್ಲ, ನಿಮಗೆ ಗೊತ್ತಿದ್ದದ್ದೇ. ಬಾ ಎಂದರೆ ನೀವು ಬರಲಿಲ್ಲವಂತೆ. ಎದ್ದು ಬಸ್ಸಿಗೆ ಹೋದಿರಂತೆ. ಕಾಫಿಪುಡಿಯ ಚೀಲವನ್ನು ಬಾಗಿಲು ಇರಬೇಕಾಗಿದ್ದ ಕಡೆ ಇಟ್ಟು ಹೋಗಿದ್ದಿರಿ. ಭಾನುವಾರ ಬೆಳಿಗ್ಗೆ ನಾನೇ ಹೋಗಿ ತಂದೆ. ಮಳೆ ಬಂದಿತ್ತು, ಆದರೆ ನೀವು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದರಿಂದ ಪುಡಿ ನೆನೆದಿರಲಿಲ್ಲ. ಈಗ ಅದರದೇ ಕಾಫಿ ಕುಡಿಯುತ್ತ ಬರೆಯುತ್ತಿದ್ದೇನೆ. ಮೀನುಸಾರನ್ನು ಕಾಕ್ ತೆಹ್ ಮತ್ತು ನಾನು ಉಂಡೆವು. ಹುಳಿ ಸ್ವಲ್ಪ ಮುಂದಾಗಿತ್ತು.

ಫಲಿತಾಂಶ ಕೇಳಿರುತ್ತೀರಿ. ನಮ್ಮ ವೈಬಿ ಸೋತರು. ಗೆದ್ದವಳು ವಕೀಲಿಕೆ ಓದಿದ ಹುಡುಗಿ, ಮೊದಲ ಅಧಿವೇಶನದಲ್ಲೇ ದಡದ ಗೋಡೆಯ ಮಾತು ಎತ್ತುತ್ತೇನೆ ಎಂದು ಲಾರಿಯ ಮೇಲೆ ನಿಂತು ಹೇಳಿದ್ದಾಳೆ. ಕಟ್ಟಲಿ. ಮೆಟ್ಟಿಲಿಗಾದರೂ ಕಾವಲಾಗುತ್ತದೆ. ಒಂದೇ ಕಡೆಗೆ ಮೂವತ್ತು ಸ್ಥಾನ ಬಂದಿದೆ. ಚಹದಂಗಡಿಯಲ್ಲಿ ಎಲ್ಲರೂ ಖುಷಿಯಾಗಿದ್ದಾರೆ, ಇನ್ನು ಐದು ವರ್ಷ ಈ ಸರ್ಕಾರವನ್ನು ಅಲ್ಲಾಡಿಸುವವರಿಲ್ಲ ಎನ್ನುತ್ತಾರೆ. ಹೊಸ ಶಾಸಕಿಗೆ ಮೂವತ್ತು ದಾಟಿಲ್ಲ, ಕೆಮ್ಮೂ ಇಲ್ಲ.

ಐದು ವರ್ಷ, ಅಬಾಂಗ್. ಮೊದಲ ಸಲ ನನಗೆ ಆ ಸಂಖ್ಯೆ ಕೇಳಿ ಭಯವಾಯಿತು. ಈ ಗೂಡಿನಲ್ಲಿ ಸಂಜೆ ತುಂಬ ಉದ್ದ. ಪಕ್ಕದವರ ಟೀವಿಯ ಸದ್ದು ಗೋಡೆಯೊಳಗಿಂದ ಬರುತ್ತದೆ, ಅವರು ನಗುವುದು ಕೇಳುತ್ತದೆ, ಯಾವುದಕ್ಕೆ ನಕ್ಕರು ಎಂಬುದು ಕೇಳುವುದಿಲ್ಲ. ಕಿಟಕಿಯಿಂದ ಹೊಳೆಯಾಚೆ ನಮ್ಮ ಮೆಟ್ಟಿಲು ಕಾಣುತ್ತದೆ. ಹೆಸರು ಹೇಳುವುದನ್ನು ಒಮ್ಮೆ ಕಲಿತುಬಿಟ್ಟೆ ನೋಡಿ, ಈಗ ಯಾರೂ ಇಲ್ಲದಾಗ ಬಾಯಿಗೆ ಬರುತ್ತದೆ. ಒಂಟಿತನ ಎಂದರೆ ಇದೇ ಇರಬೇಕು. ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ.

ನಾನು ಏನನ್ನೂ ಕೇಳಲು ಬರೆಯಲಿಲ್ಲ. ನಾನು ಚೆನ್ನಾಗಿದ್ದೇನೆ, ಸಂಬಳ ಸರಿಯಾಗಿ ಬರುತ್ತದೆ, ಸಕ್ಕರೆ ಕಾಯಿಲೆ ಹಿಡಿತದಲ್ಲಿದೆ. ಬೆಸುಗೆ ಹಾಕುವಾಗ ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಬೆರಳಿನ ಶಾಯಿಯನ್ನು ಸೀಮೆಎಣ್ಣೆಯಲ್ಲಿ ಉಜ್ಜಬೇಡಿ, ಹಿಂದಿನ ಸಲ ಚರ್ಮ ಸುಲಿದಿತ್ತು. ಅದು ತಾನಾಗಿಯೇ ಹೋಗುತ್ತದೆ.

ನಿಮ್ಮ ಹೆಂಡತಿ, ಪಟ್ಟಿಯಲ್ಲಿಯೂ,
ಸಲ್ಬಿಯಾ

ಮರೆತಿದ್ದೆ: ಈ ಬೆಳಿಗ್ಗೆ ರಜೆ ಹಾಕಿ ಗುರುತಿನ ಚೀಟಿಯ ಕಚೇರಿಗೆ ಹೋಗಿದ್ದೆ, ಈ ಮನೆಯ ವಿಳಾಸ ಬರೆಸೋಣ ಎಂದು. ವಿಳಾಸ ಬದಲಾದರೆ ಮತವನ್ನೂ ಇಲ್ಲಿಗೆ ತಂದುಕೊಳ್ಳಬಹುದು. ಈ ದಡ ಬೇರೆ ಕ್ಷೇತ್ರ. ಹೆಬ್ಬೆರಳು ಇಡಲು ಕೈ ಚಾಚಿದವಳು ಹಿಂದಕ್ಕೆ ತೆಗೆದುಕೊಂಡೆ. ಪಟ್ಟಿಯಲ್ಲಿ, ಆ ಇಲ್ಲದ ಮನೆಯಲ್ಲಿ, ನಿಮ್ಮೊಬ್ಬರನ್ನೇ ಬಿಟ್ಟು ಬರಲು ಮನಸ್ಸಾಗಲಿಲ್ಲ. ನನ್ನ ಗಂಡನ ವಿಳಾಸವನ್ನೂ ಒಟ್ಟಿಗೆ ಬದಲಾಯಿಸಲು ಬರುತ್ತದೆಯೇ ಎಂದು ಕೇಳಿದೆ. ಅವರ ಹೆಬ್ಬೆರಳು ಬೇಕು, ಅವರೇ ಬರಬೇಕು ಎಂದಳು ಅಲ್ಲಿಯ ಹುಡುಗಿ. ಕೇಳಿ ಬರುತ್ತೇನೆ ಎಂದು ಹೇಳಿ ಬಂದಿದ್ದೇನೆ. ಚುನಾವಣೆ ಇಲ್ಲದ ದಿನಗಳಲ್ಲಿಯೂ ಆ ಕಚೇರಿ ತೆರೆದಿರುತ್ತದೆ.